ಊಟಕ್ಕೆ ಬಂದವರು ಕಟ್ಟಿದ ವಿಮಾನ

ಮಗಳ ಆಟದ ವಿಮಾನ ಎಲ್ಲರದಕ್ಕಿಂತ ಚೆನ್ನಾಗಿ ಹಾರಿತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಪಲ್ಲವಿ ಇಲ್ಲಿ ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ನಾಲ್ಕನೇ ಕ್ಲಾಸು. ಈ ದೇಶದಲ್ಲಿ ನಾಲ್ಕನೇ ಕ್ಲಾಸೆಂದರೆ ಹುಡುಗಾಟವಲ್ಲ. ಮಗು ಮುಂದೆ ಯೂನಿವರ್ಸಿಟಿ ಮುಟ್ಟಿಸುವ ಗಿಮ್ನಾಸಿಯುಮ್ ಎಂಬ ಶಾಲೆಗೋ, ಬೇರೆ ಶಾಲೆಗೋ ಎಂದು ಟೀಚರ್ ಹೇಳುವುದು ಈ ವರ್ಷವೇ. (ನಮ್ಮೂರಲ್ಲಿ ಹಣೆಬರಹಕ್ಕೆ ಪಿಯುಸಿವರೆಗಾದರೂ ಟೈಮ್ ಕೊಡುತ್ತಾರಪ್ಪ!) ನಮ್ಮ ಮನೆಯವರಿಗೆ ಹಗಲೂ ರಾತ್ರಿ ಇದೇ ಚಿಂತೆ. ಇಲ್ಲಿ ಕೆಲಸ ಮಾಡಲು ಕೊಟ್ಟ ಗ್ರೀನ್ ಕಾರ್ಡ್ ಐದೇ ವರ್ಷದ್ದು. ಅಷ್ಟರೊಳಗೆ ಮಗಳು ಒಂದು ದಡ ಸೇರಬೇಕು ಅಂತ.

ಅಂಥ ಹೊತ್ತಿನಲ್ಲಿ ಮನುಷ್ಯ ಹಾರಲು ಕಲಿತ ಪಾಠ ಬಂತು. ಪ್ರತಿ ಮಗುವೂ ಒಂದು ಗ್ಲೈಡರ್, ಅಂದರೆ ಇಂಜಿನ್ನಿಲ್ಲದೆ ತೇಲುವ ಆಟದ ವಿಮಾನ, ಮಾಡಿ ತರಬೇಕು.

ಭಾನುವಾರ ಊಟಕ್ಕೆ ಇಬ್ಬರು ಬಂದಿದ್ದರು. ಒಬ್ಬರು ನಮ್ಮ ಹುಬ್ಬಳ್ಳಿಯವರೇ, ಕಾರಿನ ಗೇರ್‌ಬಾಕ್ಸ್ ಡಿಸೈನ್ ಮಾಡುವವರು. ಇನ್ನೊಬ್ಬ ಮೈಸೂರಿನ ಸಾಫ್ಟ್‌ವೇರ್ ಹುಡುಗ. ರೊಟ್ಟಿ, ಎಣ್ಣೆಗಾಯಿ ಮುಗಿಸಿ ಕೈ ತೊಳೆದವರ ಕಣ್ಣು ಪಲ್ಲವಿಯ ರಟ್ಟಿನ ಮೇಲೆ ಬಿತ್ತು. ಮುಗೀತಲ್ಲ ಕಥೆ!

"ಕೊಡವಾ ಇಲ್ಲೆ, ರೆಕ್ಕಿ ಒಂಚೂರು ಬಾಗಿರಬೇಕು," ಅಂದರು ಗೇರ್‌ಬಾಕ್ಸ್‌ನವರು.

"ಸಾರ್, ಮೂತಿ ಭಾರ ಸಾಲ್ದು," ಅಂದ ಮೈಸೂರಿನ ಹುಡುಗ.

ನಮ್ಮವರು ಸ್ಕೇಲು, ಬ್ಲೇಡು ಹಿಡಿದು ನೆಲದ ಮೇಲೆ ಬೋರಲಾಗಿ ಮಲಗಿಯೇಬಿಟ್ಟರು. ಪಲ್ಲವಿ ಸ್ವಲ್ಪ ಹೊತ್ತು ನಿಂತು ನೋಡಿದಳು, ಆಮೇಲೆ ಟಿವಿ ಮುಂದೆ ಹೋಗಿ ಕೂತಳು. ಮೂವರು ಇಂಜಿನಿಯರುಗಳಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ.

ಶಾಲೆಯ ಅಂಗಳದಲ್ಲಿ ಅದು ನೆಟ್ಟಗೆ, ಎಲ್ಲಕ್ಕಿಂತ ದೂರ ಹೋಯಿತು. ನೋಡಲು ಹೋಗಿದ್ದ ನಾನೂ ಚಪ್ಪಾಳೆ ತಟ್ಟಿದೆ. ಆಗ ಟೀಚರ್ ಎಲ್ಲ ಮಕ್ಕಳಿಗೂ ಹೇಳಿದರು: "ಈಗ ನಿಮ್ಮ ವಿಮಾನ ಎಡಕ್ಕೆ ತಿರುಗಲಿ, ನೋಡೋಣ."

ಸೊಟ್ಟಪಟ್ಟ ವಿಮಾನದ ಮಕ್ಕಳೆಲ್ಲ ಬಾಲ ಬಗ್ಗಿಸಿ, ರೆಕ್ಕೆ ಮಡಚಿ, ಎಸೆದು ನೋಡಿದರು. ನಮ್ಮವಳು ಮಾತ್ರ ಮುಟ್ಟಲೂ ಹೆದರಿ ನಿಂತಿದ್ದಳು. "ಅದು ಪಪ್ಪಾಗೆ ಗೊತ್ತು," ಅಂದಳು ಜರ್ಮನ್‌ನಲ್ಲಿ.

ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ಮಾರ್ಕ್ಸ್ ಎಲ್ಲ ಚೆನ್ನಾಗಿವೆ. ಆದರೆ ಹೋಮ್‌ವರ್ಕ್ ಮಾಡೋದು ಯಾರು ಅಂತ ನನಗೆ ಮೊದಲಿಂದ ಅನುಮಾನ. ಮುಂದಿನ ವಾರ ಇನ್ನೊಂದು ವಿಮಾನ ಅವಳೇ ಮಾಡಿ ತರಲಿ. ಆಮೇಲೆ ಯಾವ ಶಾಲೆ ಅಂತ ನನ್ನ ಅಭಿಪ್ರಾಯ ಹೇಳುತ್ತೇನೆ."

ಮನೆಗೆ ಬಂದು ಮಗಳು ಅತ್ತಳು, ನಾನು ಗಂಡನ ಮೇಲೆ ರೇಗಿದೆ. "ಛಲೋ ಹಾರಿತಲ್ಲ, ಮತ್ತೇನ ಬೇಕಂತ?" ಅಂತ ಅವರು!

ಮಗಳನ್ನು ಸಮಾಧಾನ ಮಾಡಲು ಅವಳ ಲೈಬ್ರರಿ ಪುಸ್ತಕ ಹಿಡಿದು ಕೂತೆ. ಇದೇ ಜರ್ಮನಿಯ ಒಬ್ಬ ಇಂಜಿನಿಯರ್ ಬರ್ಲಿನ್ ಬಳಿ ಮಣ್ಣಿನ ಗುಡ್ಡ ಹಾಕಿಸಿ, ರೆಕ್ಕೆ ಕಟ್ಟಿಕೊಂಡು ವರ್ಷಗಟ್ಟಲೆ ಜಿಗಿದನಂತೆ. ಕೊನೆಗೆ ಹಾರುವಾಗಲೇ ಬಿದ್ದು ಸತ್ತ. ಅಮೆರಿಕದಲ್ಲಿ ಒಬ್ಬ ದೊಡ್ಡ ವಿಜ್ಞಾನಿ. ಸರ್ಕಾರದ ದುಡ್ಡು, ಭಾರಿ ಇಂಜಿನ್ನು, ಏನಿರಲಿಲ್ಲ ಅವರ ಹತ್ತಿರ? ಆದರೆ ಯಂತ್ರದೊಳಗೆ ಕೂತವನು ಅವರ ಸಹಾಯಕ. ಹಾರಿ ಅವನಿಗೂ ಅಭ್ಯಾಸವಿರಲಿಲ್ಲ. ಎರಡು ಸಲವೂ ಸೀದಾ ನದಿಗೆ!

ಎರಡನೇ ಸಲ ಅದು ನದಿಗೆ ಬಿದ್ದ ಕೆಲವೇ ದಿನಕ್ಕೆ ಹಾರಿದವರು ಸೈಕಲ್ ಅಂಗಡಿಯ ಅಣ್ಣತಮ್ಮಂದಿರು. ಅವರ ಇಂಜಿನ್ನಿಗೆ ಶಕ್ತಿ ತೀರಾ ಕಮ್ಮಿ. ಆದರೆ ಇಂಜಿನ್ ಕೂಡಿಸುವ ಮೊದಲೇ ಅವರು ವರ್ಷಗಟ್ಟಲೆ ಗ್ಲೈಡರಿನ ಮೇಲೆ ತಾವೇ ಮಲಗಿ, ಗಾಳಿಯಲ್ಲಿ ವಾಲಿ, ಮರಳಿಗೆ ಬಿದ್ದು, ವಾಲಿದಾಗ ಏನು ಮಾಡಬೇಕೆಂದು ಕಲಿತಿದ್ದರು. ಕಟ್ಟಿದವರೇ ಹಾರಿದರು.

ಓದುತ್ತಾ ನನಗೆ ದುಃಖವಾಯಿತು. ನಾವು ಮಕ್ಕಳಿಗೆ ಬರೀ ಇಂಜಿನ್ ಕೂಡಿಸುತ್ತೇವಲ್ಲ! ಟ್ಯೂಷನ್, ಗೈಡು, ಅಪ್ಪ ಮಾಡಿಕೊಟ್ಟ ಮಾಡೆಲ್. ವಾಲಿದಾಗ ಸಂಭಾಳಿಸುವುದನ್ನು ಯಾರು ಕಲಿಸುತ್ತಾರೆ? ಅದು ಕಲಿಸುವಂಥದ್ದೂ ಅಲ್ಲವೇನೋ. ಕೈ ಬಿಟ್ಟು ನೋಡುತ್ತಾ ನಿಲ್ಲಬೇಕು. ನಮ್ಮವರನ್ನು ದೂರಲೂ ಮನಸ್ಸಿಲ್ಲ. ಅವರದು ಪ್ರೀತಿಯೇ, ಹೆದರಿಕೊಂಡ ಪ್ರೀತಿ.

ಆ ವಾರವಿಡೀ ಪಲ್ಲವಿ ತಿಂಡಿಯ ಡಬ್ಬದ ರಟ್ಟಿನಲ್ಲಿ ವಿಮಾನ ಕಟ್ಟಿದಳು. ಎಸೆದರೆ ಮೂತಿ ಎತ್ತಿ ಧಪ್ ಅಂತ ಬೀಳುವುದು. ಅಪ್ಪನ ಕೈ ಕಡಿಯುತ್ತಿತ್ತು. "ಪಪ್ಪಾ, ನಿಖ್ಟ್ ಆನ್‌ಫಾಸೆನ್! ಮುಟ್ಟಬ್ಯಾಡ!" ಯೂರೋ ಬಂದ ಮೇಲೆ ನಡೆಯದ ಹಳೆಯ ಫೆನಿಗ್ ನಾಣ್ಯವೊಂದನ್ನು ಮೂತಿಗೆ ಅಂಟಿಸಿದಳು. ಸ್ವಲ್ಪ ತೇಲಿತು.

ಶಾಲೆಯಲ್ಲಿ ಅವಳೇ ಬಾಲ ಬಗ್ಗಿಸಿ ಎಸೆದಳು. ವಿಮಾನ ತೂರಾಡಿಕೊಂಡು ಎಡಕ್ಕೆ ತಿರುಗಿ ಪೊದೆಗೆ ಬಿತ್ತು. "ಯಾಕೆ ಬಿತ್ತು?" ಅಂದರು ಟೀಚರ್. ಪಲ್ಲವಿ ಕೈಬಾಯಿ ತಿರುಗಿಸುತ್ತಾ ಮಾತಾಡಿದಳು ನೋಡಿ, ನಿಲ್ಲಿಸಲೇ ಇಲ್ಲ. ನನಗೆ ಅರ್ಧ ಜರ್ಮನ್ ತಿಳಿಯಲಿಲ್ಲ. ಟೀಚರಿಗೆ ತಿಳಿಯಿತು. "ಗಿಮ್ನಾಸಿಯುಮ್," ಅಂದರು ನಕ್ಕು.

ರಜೆ ಹಾಕಿ ಬಂದು ಬೇಲಿಯ ಬಳಿ ನಿಂತಿದ್ದ ನಮ್ಮವರ ಕಣ್ಣು ಒದ್ದೆಯಾಗಿತ್ತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಕಾರಿನ ಹತ್ತಿರ ಬರುವಷ್ಟರಲ್ಲಿ ಮೆಲ್ಲಗೆ ಹೇಳಿದರು, "ಅಲ್ಲೆ ಮ್ಯಾಥ್ಸ್ ಭಾಳ ಟಫ್ ಇರ್ತದಂತ. ಹೋಮ್‌ವರ್ಕ್ ನಾನ ಮಾಡಿಕೊಡ್ತೀನಿ, ತಗೊ."

ಮಗಳಿಗೇನೋ ಶಾಲೆ ಸಿಕ್ಕಿತು, ಈ ಅಪ್ಪನನ್ನು ಯಾವ ಶಾಲೆಗೆ ಸೇರಿಸಲಿ, ಹೇಳಿ?