ಹನ್ನೊಂದು ಒಂದುಗಳು

ನಾಗಲಗಿದ್ದದ ಕುರಿಗಾರ ಕಾಶಪ್ಪ ಗಡಿಯಾಚೆ ಕನ್ನಡ ಸೀಮೆಯ ಸೋದರಮಾವನ ಊರಲ್ಲಿ ಏಳನೇ ಇಯತ್ತೆವರೆಗೆ ಓದಿದ್ದ. ಭಾಗಾಕಾರ ಮಾತ್ರ ಮರೆತಿರಲಿಲ್ಲ. ಮಗಳು ಮೌನಿಕಾಳಿಗೆ ಲೆಕ್ಕದ ಹುಚ್ಚು ಅವನಿಂದಲೇ ಹತ್ತಿತ್ತು.

ನಾರಾಯಣಖೇಡದಲ್ಲಿ ಇಂಟರ್ ಓದುತ್ತಿದ್ದ ಅವಳು ಒಂದು ಬೇಸಿಗೆ ರಜೆಯಲ್ಲಿ ಪಡಸಾಲೆಯ ಕಲ್ಲುಹಾಸಿನ ಮೇಲೆ ಬಳಪದಿಂದ ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದಳು. ಸಾವಿರ ಕೋಟಿಗೂ ಮಿಕ್ಕಿದ ಸಂಖ್ಯೆ. ಮೂರು ಒಂದು ಬರೆದರೆ ಮೂವತ್ತೇಳರಿಂದ ಭಾಗ ಹೋಗುತ್ತದೆ, ಐದು ಬರೆದರೆ ನಲವತ್ತೊಂದರಿಂದ. ಇದು ಮಾತ್ರ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಲಕ್ಷ ದಾಟುವವರೆಗೆ ಒಂದೊಂದೇ ಬೆಸ ಸಂಖ್ಯೆಯಿಂದ ಭಾಗಿಸಿ ನೋಡಬೇಕು, ಅಷ್ಟರಲ್ಲಿ ಒಡೆಯದಿದ್ದರೆ ಮುಂದೆಂದೂ ಒಡೆಯದು ಎಂದು ಅಪ್ಪನಿಗೆ ತಿಳಿಸಿ ಹೇಳಿದಳು.

“ಇದು ಒಡ್ಯಂಗಿಲ್ಲ ನೋಡಪ್ಪಾ. ನಾ ಮಾಡಿ ತೋರಸ್ತೀನಿ.”

ಏಳು ಸಾವಿರ ದಾಟಿದ್ದಳು. ಮಳೆಗಾಲದಲ್ಲಿ ಡೆಂಗೆ ಜ್ವರ ಬಂತು. ಜಹೀರಾಬಾದಿನ ಆಸ್ಪತ್ರೆಗೆ ಹೋದ ಹುಡುಗಿ ಜೀವಂತ ಮರಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಶಪ್ಪ ಬಳಪ ಹಿಡಿದು, ಮಗಳು ನಿಲ್ಲಿಸಿದಲ್ಲಿಂದ ಶುರು ಮಾಡಿದ. ಕುರಿ ಹೊಡೆದುಕೊಂಡು ಹೋಗುವ ಮೊದಲು ಒಂದಿಷ್ಟು, ದೊಡ್ಡಿಗೆ ತಂದು ಕೂಡಿಹಾಕಿದ ಮೇಲೆ ಒಂದಿಷ್ಟು. ಫೋನಿನಲ್ಲಿ ಕೇಳಿದರೆ ಕ್ಷಣದಲ್ಲಿ ಹೇಳುತ್ತದೆ ಎಂದು ತಮ್ಮ ಶಿವರಾಜ ಅಂದಾಗ, “ಅದು ಅಕಿ ಕೆಲಸ ಅದ, ಫೋನಿಂದಲ್ಲ” ಎಂದು ಬಾಯಿ ಮುಚ್ಚಿಸಿದ. ಹೆಂಡತಿ ಮೋನಮ್ಮ ಅವನು ಬರೆದದ್ದರ ಸುತ್ತ ಕಸ ಗುಡಿಸುತ್ತಿದ್ದಳು, ಅಳಿಸುತ್ತಿರಲಿಲ್ಲ.

ವರ್ಷಗಳು ಹೋದವು. ಪ್ರತಿ ಸಲ ಕೊನೆಯಲ್ಲಿ ಏನಾದರೂ ಶೇಷ ಉಳಿದಾಗ ಅವನ ಎದೆ ಹಗುರಾಗುತ್ತಿತ್ತು. ಮಗಳ ಮಾತು ಇನ್ನೂ ನಿಂತಿದೆ.

ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರಲ್ಲಿ ಶೇಷ ಸೊನ್ನೆ ಬಂತು.

ತಪ್ಪಿರಬೇಕೆಂದು ಅಳಿಸಿ ಮತ್ತೆ ಮಾಡಿದ. ಸೊನ್ನೆಯೇ. ಬಂದ ಭಾಗಲಬ್ಧ ಐದು ಲಕ್ಷ ಹದಿಮೂರು ಸಾವಿರದ ಇನ್ನೂರಾ ಮೂವತ್ತೊಂಬತ್ತು. ಅದನ್ನು ತಿರುಗಿ ಗುಣಿಸಿದ. ಕಲ್ಲಿನ ಮೇಲೆ ಒಂದುಗಳು ಒಂದೊಂದಾಗಿ ಮೂಡಿದವು, ಹನ್ನೊಂದೂ. ಬಳಪ ಕೈಯಲ್ಲೇ ಮುರಿಯಿತು.

ರೊಟ್ಟಿ ಬಡಿಯುತ್ತಿದ್ದ ಮೋನಮ್ಮ ಬಳಪದ ಸದ್ದು ನಿಂತದ್ದು ಗೊತ್ತಾಗಿ ಹೊರಗೆ ಬಂದಳು.

“ಒಡೀತು,” ಅಂದ ಕಾಶಪ್ಪ.

ಅವಳಿಗೆ ಲೆಕ್ಕ ಗೊತ್ತಿರಲಿಲ್ಲ, ಅವನ ಮುಖ ಗೊತ್ತಿತ್ತು. ಹಿಟ್ಟಿನ ಕೈಯಲ್ಲೇ ಗೋಡೆಗೊರಗಿ ಕೂತಳು. ಮಗಳು ತಪ್ಪು ತಿಳಿದಿದ್ದಳೆಂಬುದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಇಷ್ಟು ದಿನ ಅವಳದೊಂದು ಕೆಲಸ ಮನೆಯಲ್ಲಿ ನಡೆಯುತ್ತಿತ್ತು. ಇನ್ನು ಅದೂ ಇಲ್ಲ.

“ನಾಳಿಂದ ಏನ್ ಮಾಡ್ತೀರಿ?” ಮೋನಮ್ಮ ಕೇಳಿದಳು.

“ಮಾಡಾಕ ಏನ್ ಉಳದದ?”

ದೊಡ್ಡಿಯಲ್ಲಿ ಕುರಿಗಳು ಒದರುತ್ತಿದ್ದವು. ಇಬ್ಬರೂ ಏಳಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀದು, ವಾಸನೆ ಮನೆಯೆಲ್ಲ ತುಂಬಿತು.