ಕೈ ಮುಗಿಯಲು ಹೋಗಿ ಮುರಿದ ಕಾಲು

ಮೊದಲು ಕೇಳಿಸಿದ್ದು ಸದ್ದು. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ. ನೋವು ಆಮೇಲೆ ಬಂತು.

ಬಬಲೇಶ್ವರದ ಹೊರಗೆ, ಬೇವಿನ ಗಿಡಗಳ ಸಾಲು ಮುಗಿಯುವಲ್ಲಿ, ನಾನು ರಸ್ತೆಗೆ ಅಡ್ಡ ಬಿದ್ದಿದ್ದೆ. ನನ್ನ ಫಟಫಟಿ ಮೋಟಾರ್‌ಸೈಕಲ್ಲು ತಗ್ಗಿನಲ್ಲಿ ಮಲಗಿಕೊಂಡು ಇನ್ನೂ ಗಾಲಿ ತಿರುಗಿಸುತ್ತಿತ್ತು. ಬಲಗಾಲು ಮೊಣಕಾಲ ಕೆಳಗೆ ಬೇರೆಯವರದೇನೋ ಎನ್ನುವಂತೆ ಹೊರಳಿಕೊಂಡಿತ್ತು. ಎದುರಿಗೆ ನಮ್ಮ ಮಾವ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಛತ್ರಿ.

“ಸಾವಕಾಶ ಅಳಿಯಂದ್ರ,” ಅಂದರು.

ಬಿದ್ದ ಮೇಲೆ ಇನ್ನೆಷ್ಟು ಸಾವಕಾಶವಾಗಿ ಬೀಳಬೇಕಿತ್ತೋ ನನಗೆ ತಿಳಿಯದು.

ಹೇಗೆ ಬಿದ್ದಿರಿ ಎಂದು ಎಲ್ಲರೂ ಕೇಳಿದರು. ನಾಯಿ ಅಡ್ಡ ಬಂತೇ, ಎಮ್ಮೆ ಬಂತೇ, ಟೈರು ಒಡೆಯಿತೇ? ಏನೂ ಇಲ್ಲ. ಮಾವನಿಗೆ ನಮಸ್ಕಾರ ಮಾಡಲು ಹೋಗಿ ಬಿದ್ದೆ. ನಮ್ಮ ಕಡೆ ಹಿರಿಯರಿಗೆ ಒಂದು ಕೈ ಎತ್ತಿದರೆ ಅದು ನಮಸ್ಕಾರವಲ್ಲ, ಸೊಕ್ಕು. ಹಿಂದೆ ಒಮ್ಮೆ ಒಂದೇ ಕೈ ಎತ್ತಿ ಮುಂದೆ ಹೋಗಿದ್ದೆ. “ಗಾಡಿ ಮ್ಯಾಲ ಕುಂತರ ಅಳಿಯಂದ್ರು ನಮಗ ನೊಣಾ ಹೊಡದಂಗ ಕೈ ಮಾಡತಾರ,” ಎಂದು ಮಾವ ಮಗಳ ಮುಂದೆ ಅಂದರು. ಮಗಳು, ಅಂದರೆ ನನ್ನ ಹೆಂಡತಿ ಶಾಂತವ್ವ, ನನ್ನ ಮುಂದೆ ಅಂದಳು. ಬೀಗರಲ್ಲೆಲ್ಲ ಆ ನೊಣ ಹಾರಾಡಿತು. ಅದಕ್ಕೇ ಈ ಸಲ ಎರಡೂ ಕೈ ಬಿಟ್ಟು ಎದೆಯ ಮುಂದೆ ಜೋಡಿಸಿದೆ. ಮುಂದಿನ ಗಾಲಿ ಬಂಡಿಯ ಜಾಡಿಗೆ ಇಳಿಯಿತು.

ಎಂಥ ಮರ್ಯಾದಸ್ಥ ಮಂದಿ ನಾವು! ಕಾಲು ಮುರಿದರೆ ಮುರಿಯಲಿ, ಕೈ ಮಾತ್ರ ಮುಗಿದಿರಬೇಕು.

ವಿಜಾಪುರದ ದವಾಖಾನೆಯಲ್ಲಿ ಎಕ್ಸ್-ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಎರಡೂ ಎಲುಬು ಫ್ರ್ಯಾಕ್ಚರ್,” ಎಂದರು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು.

“ಕಿಕ್ ಹೊಡಿಯಾಕ ಬರತೈತೇನ್ರಿ?” ಎಂದು ಕೇಳಿದೆ.

“ಮೊದಲ ಸಂಡಾಸಕ್ಕ ನಡಕೊಂತ ಹೋಗೂದ ಕಲೀರಿ,” ಎಂದು ಅವರು ಮುಂದಿನ ಮಂಚಕ್ಕೆ ಹೋದರು.

ಅವರಿಗೆ ಅದು ನಗೆಯ ಮಾತು. ನನಗೆ ಅನ್ನದ ಮಾತು. ನಾನು ಬಾವಿಗಳ ಎಣ್ಣೆ ಎಂಜಿನ್ ರಿಪೇರಿ ಮಾಡುವವನು. ಬಾವಿಗಳಿಗೆ ಕರೆಂಟು ಇನ್ನೂ ಬಂದಿಲ್ಲ. ಟಿಕೋಟಾದಲ್ಲಿ ಒಂದು ಕೆಟ್ಟರೆ ಕನಮಡಿಯಲ್ಲಿ ಇನ್ನೊಂದು ಕೆಟ್ಟಿರುತ್ತದೆ. ಬಸ್ಸಿಗೆ ಕಾದರೆ ಬೆಳೆ ಒಣಗುತ್ತದೆ. ಮಿಲಿಟರಿಯವರು ಮಾರಿದ ಆ ಹಳೆಯ ಫಟಫಟಿಯೇ ನನ್ನ ಕಸುಬು, ಮತ್ತು ಅದನ್ನು ಬಲಗಾಲಿನಿಂದಲೇ ಒದೆಯಬೇಕು. ಕಾಲು ಒದೆಯದಿದ್ದರೆ ನಾನು ಯಾರೂ ಅಲ್ಲ.

ಮನೆಗೆ ಬಂದ ಮೇಲೆ ಮಾತಾಡಿಸಲು ಬರುವವರ ಕಾಟ ಶುರುವಾಯಿತು. ಹಾಗೆ ಬಂದವರು ರೋಗಿಯನ್ನು ಬಿಟ್ಟು ಉಳಿದವರೊಂದಿಗೆಲ್ಲ ಮಾತಾಡುತ್ತಾರೆ. ನನಗೆಂದು ತಂದ ಬಾಳೆಹಣ್ಣು ತಾವೇ ಸುಲಿದು ತಿನ್ನುತ್ತ, ಯಾರ್ಯಾರ ಕಾಲು ಕೊಳೆತು ಕತ್ತರಿಸಿದರೆಂದು ವಿವರವಾಗಿ ಹೇಳುತ್ತಾರೆ. ಚಹಾ ಕುಡಿದು, ಪ್ಲಾಸ್ಟರನ್ನು ಬೆರಳಿನಿಂದ ಬಡಿದು ನೋಡಿ, “ಗಟ್ಟಿ ಐತಿ ಬಿಡ್ರಿ,” ಎಂದು ಎದ್ದು ಹೋಗುತ್ತಾರೆ.

ಇವರ ನಡುವೆ ಮಾವ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. “ಬೀಳು ಮುಂದ ಸೈತ ಮುಗದ ಕೈ ಬಿಡಲಿಲ್ರಿ. ಇಂಥಾ ಅಳಿಯ ಯಾರಿಗೆ ಸಿಗತಾನ?” ಹೇಳಿದಂತೆಲ್ಲ ಕಥೆ ಬೆಳೆಯಿತು. ಕೊನೆಕೊನೆಗೆ ನಾನು ನೆಲಕ್ಕೆ ಬಿದ್ದ ಮೇಲೂ “ಶರಣ್ರಿ ಮಾವಾರ” ಅಂದಿದ್ದೆನಂತೆ. ನಾನು ಅಂದದ್ದು ಬೇರೆ. ಅದನ್ನು ಬರೆಯಲಾಗುವುದಿಲ್ಲ.

ಪ್ಲಾಸ್ಟರಿನೊಳಗೆ ಕಡಿತ. ಬೆವರು. ಕಸಬರಿಗೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಉಚ್ಚೆಯ ಡಬ್ಬಿಯನ್ನು ಶಾಂತವ್ವ ಹಿಡಿಯಬೇಕಿತ್ತು. ಅವಳು ಮುಖ ಸಿಂಡರಿಸಲಿಲ್ಲ, ನಾನೇ ನಾಚಿಕೆಗೆ ಗೋಡೆಯ ಕಡೆ ನೋಡುತ್ತಿದ್ದೆ. ಊರವರ ಎಂಜಿನ್ನಿನ ಹೊಟ್ಟೆ ಬಿಚ್ಚಿ ಜೋಡಿಸುವ ಗಂಡಸು ತನ್ನ ಮಗ್ಗುಲನ್ನು ತಾನು ಬದಲಿಸಲಾರ. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು.

ಪ್ಲಾಸ್ಟರ್ ಕತ್ತರಿಸಿದಾಗ ಒಳಗಿದ್ದದ್ದು ಬಿಳಿಚಿದ, ಸುಕ್ಕುಗಟ್ಟಿದ ಕೋಳಿಕಾಲು.

ಮನೆಗೆ ಬಂದು ಅದನ್ನು ನೋಡಿಯೇ ಮಾವ ಬಾಯಿ ತೆರೆದರು. ಟಿಕೋಟಾದಲ್ಲಿ ಫಟಫಟಿಗೆ ಗಿರಾಕಿ ನೋಡಿಟ್ಟಿದ್ದಾರಂತೆ. ಬಬಲೇಶ್ವರದ ತಮ್ಮ ಮನೆಯ ಮುಂದಿನ ಖೋಲಿಯಲ್ಲಿ ನನಗೊಂದು ಕಿರಾಣಿ ಅಂಗಡಿ ಹಾಕಿಕೊಡುತ್ತಾರಂತೆ. “ಗಲ್ಲೆ ಮ್ಯಾಲ ಕುಂದರಾಕ ಕಾಲು ಬೇಕಾಗೂದಿಲ್ಲ.”

ಅಂದರೆ ಮನೆಯಳಿಯ. ದಿನಾ ಮುಂಜಾನೆ ಎದ್ದು ಅವರಿಗೆ ಕೈ ಮುಗಿದು ಬೆಲ್ಲ ತೂಗುವುದು. ಬೇಡ ಎನ್ನಲು ಆಧಾರವೇನು, ಈ ಕೋಳಿಕಾಲೇ?

ಶಾಂತವ್ವ ಅಡಿಗೆಮನೆಯಿಂದ ಹೊರಗೆ ಬಂದಳು.

“ಯಪ್ಪಾ, ಅವರು ಬಿದ್ದದ್ದು ಯಾರ ಸಂಬಂಧ?”

ಉತ್ತರವನ್ನೂ ಅವಳೇ ಕೊಟ್ಟಳು.

“ನಿನ್ನ ಮರ್ಯಾದಿ ಸಂಬಂಧ. ಒಂದ ಕಾಲು ಅದಕ್ಕ ಕೊಟ್ಟಾರ. ಇನ್ನ ಗಾಡೀನೂ ಕೊಡಬೇಕೇನ?”

ಮಾವ ಛತ್ರಿ ಹಿಡಿದು ಎದ್ದರು. ಚಹಾ ಕುಡಿಯಲಿಲ್ಲ. ಅಷ್ಟು ದಿನಗಳಲ್ಲಿ ನನ್ನ ಹೊಟ್ಟೆ ತಣ್ಣಗಾದದ್ದು ಅವತ್ತೇ.

ಆಮೇಲೆ ಗೋಡೆ ಹಿಡಿದು ನಡೆದೆ, ಕೋಲು ಹಿಡಿದು ನಡೆದೆ. ಒಂದು ಮುಂಜಾನೆ ಫಟಫಟಿಯನ್ನು ಅಂಗಳಕ್ಕೆ ಎಳೆದೆ. ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ಬೋಧನೆ ಶುರು ಮಾಡಿದರು. ಸೈಕಲ್ಲು ಹತ್ತಲು ಬಾರದವರೂ ಕಿಕ್ ಹೊಡೆಯುವುದನ್ನು ಕಲಿಸಿದರು. ಒದ್ದೆ. ಎಲುಬಿನಲ್ಲಿ ಬೆಂಕಿ ಏರಿತು. ಎಂಜಿನ್ ಸುಮ್ಮನಿತ್ತು. ಮತ್ತೆ ಒದ್ದೆ. ಶಾಂತವ್ವ ಹಿಂದಿನಿಂದ ನನ್ನ ಸೊಂಟ ಹಿಡಿದಳು, ಎಲ್ಲರ ಎದುರಿಗೇ. ಕಟ್ಟೆಯ ಮೇಲಿನವರು ಒಮ್ಮೆಲೆ ಬಾಯಿ ಮುಚ್ಚಿದರು. ಮತ್ತೊಮ್ಮೆ ಒದ್ದೆ.

ಹತ್ತಿತು.

ನಾನು ಅತ್ತುಬಿಟ್ಟೆ. ಹೊಗೆಯಿಂದ ಕಣ್ಣಲ್ಲಿ ನೀರು ಬಂತೆಂದು ಓಣಿಯವರು ತಿಳಿದುಕೊಂಡರು. ಅವರಿಗೆ ತಿಳಿಯುವುದೇ ಅಷ್ಟು.

ಮೊದಲ ಕರೆ ಬಬಲೇಶ್ವರದ ಒಂದು ಬಾವಿಯಿಂದಲೇ ಬಂತು. ಹೊರಟೆ. ಬೇವಿನ ಸಾಲು ಕಂಡಾಗ ವೇಗ ಇಳಿಸಿದೆ. ಸಾಲು ಮುಗಿಯುವಲ್ಲಿ ಅದೇ ಟವೆಲ್ಲು, ಅದೇ ಛತ್ರಿ. ಮಾವ ಎದುರು ಬರುತ್ತಿದ್ದರು. ಒಂದು ಕೈ ಎತ್ತಿದರೆ ನೊಣ. ಎರಡು ಎತ್ತಿದರೆ ದವಾಖಾನೆ. ಇಳಿದು ಕೈ ಮುಗಿದರೆ ಮತ್ತೆ ಕಿಕ್ ಹೊಡೆಯಲು ಹಿಂದಿನಿಂದ ಹಿಡಿಯುವವರು ಯಾರು? ನನ್ನ ನಾಚಿಕೆಗೆಟ್ಟ ಕೈಗಳು ಆಗಲೇ ಹ್ಯಾಂಡಲ್ ಮೇಲೆ ಸಡಿಲಾಗತೊಡಗಿದ್ದವು.

ಮಾವ ನನ್ನನ್ನು ನೋಡಿದರು. ನೋಡಿ, ರಸ್ತೆಗೆ ಬೆನ್ನು ಮಾಡಿ ನಿಂತುಬಿಟ್ಟರು.

ಎದುರಿಗೆ ಅವರು ನೋಡುವಂಥದ್ದೇನೂ ಇರಲಿಲ್ಲ. ಜೋಳ ಕೊಯ್ದ ಹೊಲ, ಬರೀ ಕೂಳೆ. ಅದನ್ನೇ ನೋಡುತ್ತ, ಛತ್ರಿ ಊರಿಕೊಂಡು, ನಾನು ದಾಟುವವರೆಗೂ ನಿಂತರು. ನಮ್ಮ ಕಡೆ ಅಳಿಯನಿಗೆ ಬೆನ್ನು ತೋರಿಸುವುದು ದೊಡ್ಡ ಅವಮಾನ. ಅದು ಅವಮಾನವಲ್ಲವೆಂದು ನನಗೆ ಹೊಳೆಯುವಷ್ಟರಲ್ಲಿ ಒಂದು ಫರ್ಲಾಂಗು ದಾಟಿದ್ದೆ. ಅವರು ನನ್ನನ್ನು ನೋಡಿಯೇ ಇಲ್ಲವೆಂದು ಲೆಕ್ಕ. ಹಾಗಾಗಿ ನಾನು ಕೈ ಮುಗಿಯಬೇಕಾಗಿಲ್ಲ.

ಮಾವನ ಮೇಲಿನ ನನ್ನ ತಿರಸ್ಕಾರ ಪೂರ್ತಿ ಹೋಗಿದೆಯೆಂದಲ್ಲ. ಆದರೆ ಅವತ್ತು ಆ ಬೆನ್ನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮೈಮೇಲಿನ ಕೈಗಳೆರಡೂ ಹ್ಯಾಂಡಲ್ ಮೇಲೆ ಇದ್ದವು.