ಸಿಂಕಿನ ಕೆಳಗಿನ ಪ್ರಚಾರ

ಹಳೇ ಬಡಾವಣೆಯಲ್ಲಿ ನಲ್ಲಿ ಸೋರಿದರೂ ಸಿಂಕು ಕಟ್ಟಿಕೊಂಡರೂ ಜನ ಕರೆಯುತ್ತಿದ್ದದ್ದು ಮೌನಿಯನ್ನೇ. ಅದು ಅವನ ಹೆಸರಲ್ಲ, ಜನ ಇಟ್ಟದ್ದು. ಬಂದು ತಲೆಯಾಡಿಸಿ, ಕೆಲಸ ಮುಗಿಸಿ, ಮತ್ತೆ ತಲೆಯಾಡಿಸಿ ಹೋಗುವವನನ್ನು ಇನ್ನೇನೆಂದು ಕರೆಯುತ್ತಾರೆ? ಗರ್ವ ಇರಬೇಕು ಅಂದುಕೊಂಡವರೂ ಇದ್ದರು. ಗರ್ವವಲ್ಲ, ಉಗ್ಗು. ಚಿಕ್ಕಂದಿನಲ್ಲಿ ಪಾಠ ಓದಲು ಎದ್ದು ನಿಂತಾಗ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡು, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಆಮೇಲೆ ಹೊರಗಿನವರ ಮುಂದೆ ಬಾಯಿಗೆ ಬೀಗ. ಮಾತೇನಿದ್ದರೂ ಮನೆಯಲ್ಲಿ, ಹೆಂಡತಿ ಮಗಳ ಜೊತೆ.

ಹೆಂಡತಿ ಇವನಿಗೆ ತದ್ವಿರುದ್ಧ. ಶಿಶುವಿಹಾರದ ಟೀಚರು, ಮಾತೇ ಅವಳ ಬಂಡವಾಳ. ಬಡಾವಣೆಯ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ, ರೈಲ್ವೆ ಗೇಟಿನ ಆಚೆಯ ದೊಡ್ಡಾಸ್ಪತ್ರೆಗೆ ಸೇರಿಸುತ್ತೇವೆ ಎಂದು ಪುರಸಭೆ ಹೇಳಿದಾಗ ಮೊದಲು ಟೊಂಕ ಕಟ್ಟಿ ನಿಂತವಳು ಅವಳೇ. ಒಂದಷ್ಟು ಜನರನ್ನು ಕೂಡಿಸಿ ಸಮಿತಿ ಮಾಡಿದಳು. ಕರಪತ್ರ ಹಂಚಿದಳು. ದಿನಸಿ ಅಂಗಡಿಯವನ ವ್ಯಾನಿಗೆ ಮೈಕು ಕಟ್ಟಿ ಬೀದಿ ಬೀದಿ ಸುತ್ತಿದಳು. ಆದರೆ ಚಂದಾ ಕೇಳಲು ಹೋದಲ್ಲೆಲ್ಲ ಒಂದೇ ಮಾತು: "ಚುನಾವಣೆ ಇನ್ನೂ ದೂರ ಇದೆಯಲ್ಲಾ, ಈಗಲೇ ಶುರು ಹಚ್ಕೊಂಡ್ರಾ?" ಸಮಿತಿ ಕರೆದ ಮೊದಲ ಸಭೆಗೆ ಜನರಿಗಿಂತ ಕುರ್ಚಿಗಳೇ ಹೆಚ್ಚು ಬಂದಿದ್ದವು. ಅವತ್ತು ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಗೋಡೆಗೊರಗಿ ಕೂತುಬಿಟ್ಟಳು. ಮೌನಿ ಒಂದು ಲೋಟ ನೀರು ತಂದುಕೊಟ್ಟ.

ಮಾರನೆಯ ದಿನ ಬಿಳಿ ಗೇಟಿನ ಮನೆಯ ಅಜ್ಜಿ ಕರೆಸಿದ್ದರು. ಅವನು ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪು ಬಿಚ್ಚುತ್ತಿದ್ದ. ಹೊರಗೆ ವ್ಯಾನು ಕೂಗುತ್ತಾ ಹೋಯಿತು.

"ಈ ಮೈಕಿನವರ ಕಾಟ ತಡೆಯೋಕಾಗಲ್ಲಪ್ಪಾ," ಅಂದರು ಅಜ್ಜಿ. "ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ಲ. ಓಟು ಬೇಕು ಇವರಿಗೆ, ಇನ್ನೇನು!"

ಮೌನಿಗೆ ಎಲ್ಲಿತ್ತೋ ಸಿಟ್ಟು. "ಅ... ಅದು ನ... ನನ್ನ ಹೆಂಡ್ತಿ," ಅಂದುಬಿಟ್ಟ.

"ಅಯ್ಯೋ ಶಿವನೇ! ನಿನಗೆ ಮಾತು ಬರುತ್ತಾ?"

ಅವನಿಗೆ ಅಜ್ಜಿಯ ಮುಖ ಕಾಣುತ್ತಿರಲಿಲ್ಲ. ಕಣ್ಣೆದುರಿಗೆ ಇದ್ದದ್ದು ತುಕ್ಕು ಹಿಡಿದ ಪೈಪು ಮಾತ್ರ. ಅದು ನಗುವುದಿಲ್ಲ, ಹುಬ್ಬೇರಿಸುವುದೂ ಇಲ್ಲ. ಅದನ್ನೇ ನೋಡುತ್ತಾ ಅವನು ನಿಧಾನಕ್ಕೆ ಹೇಳುತ್ತಾ ಹೋದ. ಮಗಳು ಹುಟ್ಟಿದಾಗ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಮೈಯೆಲ್ಲ ನೀಲಿಗಟ್ಟಿತ್ತು. ಆ ಆಸ್ಪತ್ರೆಯ ಹಿರಿಯ ನರ್ಸಮ್ಮ ಬೆನ್ನುಜ್ಜಿ, ಉಸಿರು ಕೊಟ್ಟು, ಕೊನೆಗೂ ಮಗು ಅಳುವಂತೆ ಮಾಡಿದ್ದರು. ರೈಲ್ವೆ ಗೇಟು ಮುಚ್ಚಿ, ಆಚೆಯ ಆಸ್ಪತ್ರೆಗೆ ಹೋಗಲು ಕಾಯಬೇಕಾಗಿದ್ದರೆ ಏನಾಗುತ್ತಿತ್ತೋ.

ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. "ನನ್ನ ಮೊಮ್ಮಕ್ಕಳೆಲ್ಲಾ ಅಲ್ಲೇ ಹುಟ್ಟಿದ್ದು ಕಣಪ್ಪಾ. ಅದನ್ನ ಮುಚ್ತಾರಂತಾ? ಯಾರು ಹೇಳಿದ್ದು?"

"ಆ ಮೈಕು ಅ... ಅದನ್ನೇ ಹೇಳ್ತಿರೋದು, ಅಮ್ಮಾ."

"ಮೈಕಲ್ಲಿ ಹೇಳಿದ್ದನ್ನ ಯಾರು ಕೇಳಿಸ್ಕೋತಾರೆ!"

ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಯೋಚನೆಗೆ ಬಿದ್ದಳು. ಮರುದಿನವೇ ವ್ಯಾನಿನಿಂದ ಮೈಕು ಇಳಿಸಿದಳು. ಸಮಿತಿಯವರಿಗೆ ಹೇಳಿದ್ದು ಇಷ್ಟೇ: "ಮನೆಮನೆಗೆ ಹೋಗಿ. ಭಾಷಣ ಬೇಡ. ನಿಮ್ಮ ಮಕ್ಕಳು ಎಲ್ಲಿ ಹುಟ್ಟಿದ್ದು ಅಂತ ಕೇಳಿ, ಆಮೇಲೆ ಸುಮ್ಮನೆ ಕೇಳಿಸ್ಕೊಳ್ಳಿ." ಕೇಳಿದ್ದೇ ತಡ, ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತಿದ್ದವರು ಒಳಗೆ ಕರೆದು ಕೂರಿಸಿದರು. ತಾವಾಗಿಯೇ ಚಂದಾ ಕೊಟ್ಟರು. ಪುರಸಭೆ ಕರೆದಿದ್ದ ಸಭೆಯ ದಿನ ವಯಸ್ಸಾದವರನ್ನು ಕರೆದುಕೊಂಡು ಹೋಗಲು ಅಂಗಡಿಯವನು ವ್ಯಾನು ಬಿಟ್ಟುಕೊಡಲು ಒಪ್ಪಿದ. ಮೌನಿಯೂ ಸಿಂಕು ಸಿಂಕಿನ ಕೆಳಗಿಂದ ತನ್ನ ಪಾಲಿನ ಪ್ರಚಾರ ಮಾಡಿದ. ಅವನ ಕಥೆ ಕೇಳಲೆಂದೇ ನೆಟ್ಟಗಿದ್ದ ನಲ್ಲಿಯನ್ನು ಕೆಟ್ಟಿದೆ ಎಂದು ಹೇಳಿ ಕರೆಸಿದವರೂ ಇದ್ದರು.

ಪುರಸಭೆ ಜನರ ಅಹವಾಲು ಕೇಳುವ ದಿನ ಬಂತು. ಹೊರಡುವ ಮುಂಚೆ ಮೌನಿ ಹೆಂಡತಿಯ ಕೈ ಹಿಡಿದುಕೊಂಡ. "ನ... ನನ್ನನ್ನ ಮಾತ್ರ ಮಾತಾಡು ಅನ್ಬೇಡ."

"ಖಂಡಿತಾ ಅನ್ನಲ್ಲ ರೀ."

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಡತಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಪುರಸಭೆ ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಆ ಆಸ್ಪತ್ರೆಯಿಂದ ಅಂಥಾ ಉಪಯೋಗ ಏನೂ ಕಾಣ್ತಿಲ್ಲವಲ್ಲಮ್ಮಾ," ಅಂದರು.

ಬಿಳಿ ಗೇಟಿನ ಅಜ್ಜಿ ಕೋಲೂರಿ ಎದ್ದೇಬಿಟ್ಟರು. "ಉಪಯೋಗ ಇಲ್ವಾ? ನಮ್ಮ ಮೌನಿ ಮಗ ಬದುಕಿದ್ದೇ ಅಲ್ಲಿ! ನೀಲಿಗಟ್ಟಿತ್ತು ಕೂಸು. ಆ ಡಾಕ್ಟ್ರು ಓಡಿ ಬಂದು..."

ಕೊನೆಯ ಸಾಲಿನಲ್ಲಿದ್ದ ಮೌನಿ ಕುರ್ಚಿಯಲ್ಲೇ ಕುಗ್ಗಿದ. ಪಕ್ಕದಲ್ಲಿದ್ದ ಮಗಳು ಮೊಣಕೈಯಿಂದ ತಿವಿದು, "ಅಪ್ಪಾ, ನಾನು ಮಗನಂತೆ!" ಎಂದು ಕಿಸಕ್ಕನೆ ನಕ್ಕಳು. ಅವನು ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

"ಮ... ಮಗ ಅಲ್ಲ, ಅಮ್ಮಾ. ಮ... ಮಗಳು! ಡಾಕ್ಟ್ರೂ ಅಲ್ಲ, ನ... ನರ್ಸಮ್ಮ!"

ಸಭೆ ಗೊಳ್ಳೆಂದು ನಕ್ಕಿತು. ಅವನು ಬಾಗಿಲ ಕಡೆ ನೋಡಿದ. ಆದರೆ ನಗುತ್ತಿದ್ದ ಮುಖಗಳೆಲ್ಲ ಅವನು ಹೊಕ್ಕು ಬಂದ ಮನೆಗಳವೇ. ಅಜ್ಜಿಯಂತೂ ಬಾಯಿಗೆ ಸೆರಗು ಒತ್ತಿಕೊಂಡು, "ಹೌದಲ್ಲಾ, ನನ್ನ ಮರೆವು ಸುಡ್ಲಿ! ನೀನೇ ಹೇಳಪ್ಪಾ," ಅನ್ನುತ್ತಿದ್ದರು. ನಗು ತಣ್ಣಗಾಗುವ ತನಕ ಕಾದು, ಅವನು ಹೇಳಿದ. ಎಷ್ಟೋ ಕಡೆ ಮಾತು ಸಿಕ್ಕಿಕೊಂಡಿತು. ಯಾರೂ ಅವಸರ ಮಾಡಲಿಲ್ಲ. ಅಧ್ಯಕ್ಷರೂ ಗಡಿಯಾರ ನೋಡಲಿಲ್ಲ. ಅವನು ಕೂತ ಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮನೆಯ ಕಥೆ ಹೇಳಿದರು.

ಸದಸ್ಯರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಕೊನೆಗೆ ಅಧ್ಯಕ್ಷರು, ಆಸ್ಪತ್ರೆ ಮುಚ್ಚುವುದಿಲ್ಲ, ಇನ್ನೊಬ್ಬ ನರ್ಸನ್ನೂ ಹಾಕುತ್ತೇವೆ ಅಂದರು.

ಹೊರಗೆ ಬಂದದ್ದೇ ಮೌನಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣು ಒದ್ದೆಯಾಗಿತ್ತು, ಮುಖ ಅರಳಿತ್ತು.

"ಹೆದರಿಕೆ ಆಯ್ತಾ ರೀ?"

"ತುಂ... ತುಂಬಾ ಆಯ್ತು," ಅಂದ ಅವನು. ಉದ್ದಕ್ಕೆ ಉಸಿರು ಬಿಟ್ಟ. "ಆದ್ರೆ ಏನೂ ಆಗ್ಲಿಲ್ಲ ನೋಡು."

ಬೀದಿಯಲ್ಲಿ ವ್ಯಾನು ಹೊರಟು ನಿಂತಿತ್ತು. ಒಳಗೆ ಇನ್ನೂ ಜಾಗವಿದೆ, ಬೇಗ ಬನ್ನಿ ಎಂದು ಮಗಳು ಕೈ ಬೀಸಿ ಕರೆಯುತ್ತಿದ್ದಳು.